ಟಾಕಿಗೆ ಬಾಟಲಿ ಸುರಿಯುವ ಮುನ್ನ

ಪೆಟ್ರೋಲ್ ಹಾಕಿಸಲು ನಿಂತಾಗ ಪಂಪಿನ ಹುಡುಗ ಒಂದು ಸಣ್ಣ ಬಾಟಲಿ ತಂದು ತೋರಿಸುತ್ತಾನೆ. ‘ಸರ, ಇದನ್ನ ಹಾಕಸ್ರಿ. ಎಂಜಿನ್ ಸ್ವಚ್ಛ ಆಗತೈತಿ, ಎವರೇಜೂ ಏರತೈತಿ’ ಅನ್ನುತ್ತಾನೆ. ಕಿತ್ತೂರಿನ ಹೆದ್ದಾರಿ ಪಂಪಿರಲಿ, ಬೈಲಹೊಂಗಲ, ಸವದತ್ತಿ, ರಾಮದುರ್ಗದ ಊರೊಳಗಿನ ಪಂಪಿರಲಿ, ಈ ಮಾತು ಕಿವಿಗೆ ಬೀಳದ ಕಾರಿನವರು ಕಡಿಮೆ. ಕೆಲವರು ನಂಬಿ ಪ್ರತಿ ಸಲವೂ ಹಾಕಿಸುತ್ತಾರೆ. ಇನ್ನು ಕೆಲವರು ಇದೆಲ್ಲ ಮೋಸ ಎಂದು ಕೈ ಬೀಸಿ ಹೋಗುತ್ತಾರೆ. ಇಬ್ಬರ ಮಾತಿನಲ್ಲೂ ಅರ್ಧ ಸತ್ಯ ಇದೆ.

ಆ ಬಾಟಲಿಗೆ ಫ್ಯುಯೆಲ್ ಅಡಿಟಿವ್ ಎನ್ನುತ್ತಾರೆ. ಪೆಟ್ರೋಲ್ ಅಥವಾ ಡೀಸೆಲ್‌ಗೆ ತೀರ ಸಣ್ಣ ಪ್ರಮಾಣದಲ್ಲಿ ಬೆರೆಸುವ ರಾಸಾಯನಿಕ ಅದು. ಅದರಲ್ಲಿ ಹಲವು ಜಾತಿಗಳಿವೆ. ಒಂದು ಕೊಳೆ ತೆಗೆಯುತ್ತದೆ, ಇನ್ನೊಂದು ಆಕ್ಟೇನ್ ಏರಿಸುತ್ತದೆ, ಮತ್ತೊಂದು ನೀರು ಹೊರಹಾಕುತ್ತದೆ. ಇವುಗಳಲ್ಲಿ ಸಾಮಾನ್ಯ ಕಾರಿನವರಿಗೆ ನಿಜವಾಗಿ ಉಪಯೋಗಕ್ಕೆ ಬರುವುದು ಕೊಳೆ ತೆಗೆಯುವ ಜಾತಿ ಮಾತ್ರ. ಅದೂ ಎಂಜಿನ್ ಒಳಗೆ ಕೊಳೆ ಇದ್ದಾಗ, ಅಪರೂಪಕ್ಕೊಮ್ಮೆ. ನನ್ನ ಅಭಿಪ್ರಾಯವನ್ನು ಮೊದಲೇ ಹೇಳಿದ್ದೇನೆ. ಅದಕ್ಕೆ ಕಾರಣಗಳನ್ನು ಈಗ ನೋಡೋಣ.

ನಿಮ್ಮ ಟಾಕಿಯಲ್ಲಿ ಈಗಾಗಲೇ ಏನಿದೆ?

ಬಾಟಲಿ ಕೊಳ್ಳುವ ಮೊದಲು ಒಂದು ವಿಷಯ ತಿಳಿದಿರಲಿ. ನೀವು ಹಾಕಿಸುವ ಪೆಟ್ರೋಲ್‌ನಲ್ಲಿ ಐದರಲ್ಲಿ ಒಂದು ಪಾಲು ಈಗಾಗಲೇ ಎಥೆನಾಲ್. ಅದು ನಮ್ಮ ಸೀಮೆಗೆ ದೂರದ ಸರಕಲ್ಲ. ಸವದತ್ತಿ ತಾಲ್ಲೂಕಿನ ಮುನವಳ್ಳಿಯಲ್ಲಿರುವ ರೇಣುಕಾ ಶುಗರ್ಸ್ ಕಾರ್ಖಾನೆಯ ಡಿಸ್ಟಿಲರಿಯಲ್ಲಿ, ಅಂದರೆ ಭಟ್ಟಿ ಇಳಿಸುವ ಘಟಕದಲ್ಲಿ, ಎಥೆನಾಲ್ ತಯಾರಾಗುತ್ತದೆ. ಕಬ್ಬಿನ ರಸದಿಂದ ಸಕ್ಕರೆ ತೆಗೆದ ಮೇಲೆ ಉಳಿಯುವ ಕಾಕಂಬಿಗೆ ಯೀಸ್ಟ್ ಸೇರಿಸಿ ಹುಳಿ ಬರಿಸುತ್ತಾರೆ. ಬಳಿಕ ಅದನ್ನು ಭಟ್ಟಿ ಇಳಿಸುತ್ತಾರೆ. ಆಗ ಸಿಗುವ ಮದ್ಯಸಾರದಲ್ಲಿ ಶೇ 5ರಷ್ಟು ನೀರು ಉಳಿದಿರುತ್ತದೆ. ನೀರು ಹೀರುವ ವಿಶೇಷ ಜರಡಿ ಹರಳುಗಳ ಮೂಲಕ ಹಾಯಿಸಿ ಆ ನೀರನ್ನೂ ತೆಗೆಯುತ್ತಾರೆ. ಹೀಗೆ ಶೇ 99.5ಕ್ಕಿಂತ ಹೆಚ್ಚು ಶುದ್ಧವಾದ ಎಥೆನಾಲ್ ತೈಲ ಕಂಪನಿಗಳ ಡಿಪೊಗೆ ಹೋಗಿ ಪೆಟ್ರೋಲ್‌ನೊಂದಿಗೆ ಬೆರೆಯುತ್ತದೆ.

ಈ ಪ್ರಯೋಗ ಶುರುವಾದದ್ದೂ ನಮಗೆ ಹತ್ತಿರದಲ್ಲೇ. 2001ರಲ್ಲಿ ದೇಶದ ಮೂರು ಕಡೆ ಪರೀಕ್ಷೆಗೆಂದು ಎಥೆನಾಲ್ ಬೆರೆಸಿದ ಪೆಟ್ರೋಲ್ ಮಾರಿದರು. ಆ ಮೂರರಲ್ಲಿ ಮೀರಜ್ ಒಂದು. 2003ರಲ್ಲಿ ಕರ್ನಾಟಕವೂ ಸೇರಿ ಒಂಬತ್ತು ರಾಜ್ಯಗಳಲ್ಲಿ ಶೇ 5ರ ಮಿಶ್ರಣ ಬಂತು. 2022ರ ಜೂನ್ ಹೊತ್ತಿಗೆ ದೇಶ ಶೇ 10 ಮುಟ್ಟಿತು. 2023ರ ಫೆಬ್ರುವರಿ 6ರಂದು ಪ್ರಧಾನಿ ಬೆಂಗಳೂರಿನಲ್ಲಿ ಇ20 ಪೆಟ್ರೋಲ್, ಅಂದರೆ ಶೇ 20 ಎಥೆನಾಲ್ ಇರುವ ಪೆಟ್ರೋಲ್ ಬಿಡುಗಡೆ ಮಾಡಿದರು. 2025ರಲ್ಲಿ ಅದೇ ಎಲ್ಲೆಡೆಯ ಸಾಮಾನ್ಯ ಪೆಟ್ರೋಲ್ ಆಯಿತು.

‘ಗಾಡಿ ಎವರೇಜ್ ಕಡಿಮಿ ಆಗೇತಿ’ ಎಂದು ನೀವು ಹೇಳುತ್ತಿದ್ದರೆ ಅದು ಬರೀ ನಿಮ್ಮ ಭ್ರಮೆ ಅಲ್ಲ. ಒಂದು ಲೀಟರ್ ಪೆಟ್ರೋಲ್‌ನಲ್ಲಿ ಸುಮಾರು 32 ಮೆಗಾಜೂಲ್ ಶಕ್ತಿ ಇರುತ್ತದೆ. ಒಂದು ಲೀಟರ್ ಎಥೆನಾಲ್‌ನಲ್ಲಿ ಇರುವುದು ಸುಮಾರು 21. ಐದರಲ್ಲಿ ಒಂದು ಪಾಲು ಎಥೆನಾಲ್ ಆದಾಗ ಲೀಟರಿನ ಒಟ್ಟು ಶಕ್ತಿ ಶುದ್ಧ ಪೆಟ್ರೋಲ್‌ಗಿಂತ ಶೇ 7ರಷ್ಟು ಇಳಿಯುತ್ತದೆ. ನೀತಿ ಆಯೋಗದ 2021ರ ವರದಿಯೂ ಇದಕ್ಕೆ ಹತ್ತಿರದ ಲೆಕ್ಕವನ್ನೇ ಕೊಟ್ಟಿತ್ತು. ಶುದ್ಧ ಪೆಟ್ರೋಲ್‌ಗೆ ವಿನ್ಯಾಸ ಮಾಡಿ ಇ10ಕ್ಕೆ ಹೊಂದಿಸಿದ ಕಾರಿನಲ್ಲಿ ಇಂಧನ ಕ್ಷಮತೆ ಶೇ 6ರಿಂದ 7 ಕಡಿಮೆಯಾಗಬಹುದು ಎಂದಿತ್ತು. ಇ10ಕ್ಕೆ ವಿನ್ಯಾಸವಾಗಿ ಇ20ಗೆ ಹೊಂದಿಸಿದ ಕಾರಿನಲ್ಲಿ ಶೇ 1ರಿಂದ 2 ಮಾತ್ರ ಎಂದಿತ್ತು.

ಈಗ ಬಾಟಲಿಯ ವಿಷಯಕ್ಕೆ ಬನ್ನಿ. 40 ಲೀಟರ್ ಟಾಕಿಗೆ 50 ಮಿಲಿಲೀಟರ್ ಬಾಟಲಿ ಸುರಿದರೆ ಅದು ಸಾವಿರದಲ್ಲಿ ಒಂದು ಪಾಲಿಗಿಂತ ಸ್ವಲ್ಪ ಹೆಚ್ಚು, ಅಷ್ಟೇ. ಎಥೆನಾಲ್‌ನಿಂದ ಕಳೆದುಹೋದ ಶಕ್ತಿಯನ್ನು ಅಷ್ಟು ದ್ರವ ತುಂಬಿಕೊಡುವುದು ಸಾಧ್ಯವೇ ಇಲ್ಲ. ‘ಇ20ಗೆ ವಿಶೇಷ, ಎವರೇಜ್ ವಾಪಸ್’ ಎಂದು ಯಾರಾದರೂ ಮಾರಿದರೆ ಆ ಮಾತನ್ನು ಅಲ್ಲೇ ಬಿಟ್ಟುಬಿಡಿ. ತುಕ್ಕು ತಡೆಯುವ ಅಂಶ ಕೆಲವು ಬಾಟಲಿಗಳಲ್ಲಿ ಇರುತ್ತದೆ, ಅದು ನಿಜ. ಆದರೆ ಹಳೆಯ ಕಾರಿನ ರಬ್ಬರ್ ಪೈಪ್, ಸೀಲ್, ಗ್ಯಾಸ್ಕೆಟ್ ಎಥೆನಾಲ್‌ಗೆ ಒಗ್ಗದೆ ಗಟ್ಟಿಯಾಗಿದ್ದರೆ ಅಥವಾ ಉಬ್ಬಿದ್ದರೆ ಅವನ್ನು ಬದಲಿಸುವುದೇ ಪರಿಹಾರ. ಕೆಲವು ಹಳೆಯ ಗಾಡಿಗಳಲ್ಲಿ 20 ಸಾವಿರದಿಂದ 30 ಸಾವಿರ ಕಿಲೋಮೀಟರ್ ಓಡಿದ ಮೇಲೆ ಇಂಥ ಭಾಗ ಬದಲಿಸಬೇಕಾಗಬಹುದು ಎಂದು ಕೇಂದ್ರ ಪೆಟ್ರೋಲಿಯಂ ಸಚಿವಾಲಯವೇ 2025ರ ಆಗಸ್ಟ್‌ನಲ್ಲಿ ಹೇಳಿದೆ. 2023ರ ಏಪ್ರಿಲ್‌ಗಿಂತ ಹಿಂದಿನ ಕಾರಿದ್ದರೆ ಮುಂದಿನ ಸರ್ವಿಸ್‌ನಲ್ಲಿ ಇಂಧನದ ಪೈಪುಗಳನ್ನು ಒಮ್ಮೆ ಕೈಯಿಂದ ಒತ್ತಿ ನೋಡಲು ಮಿಸ್ತ್ರಿಗೆ ಹೇಳಿ.

ಕೊಳೆ ಕೂರುವುದು ಎಲ್ಲಿ?

ಎಂಜಿನ್‌ಗೆ ಪೆಟ್ರೋಲ್ ಸುಮ್ಮನೆ ಹರಿದು ಹೋಗುವುದಿಲ್ಲ. ಇಂಜೆಕ್ಟರ್ ಎಂಬ ಭಾಗ ಅದನ್ನು ಸಣ್ಣ ರಂಧ್ರಗಳಿಂದ ಮಂಜಿನಂತೆ ಸಿಂಪಡಿಸುತ್ತದೆ. ಗ್ಯಾರೇಜಿನಲ್ಲಿ ಇದನ್ನು ನಾಜಲ್ ಎಂದೇ ಕರೆಯುತ್ತಾರೆ. ಸಾಮಾನ್ಯ ಪೆಟ್ರೋಲ್ ಕಾರಿನಲ್ಲಿ ಇದರ ಒತ್ತಡ 3ರಿಂದ 4 ಬಾರ್. ಈಗಿನ ಕಾಮನ್ ರೇಲ್ ಡೀಸೆಲ್ ಎಂಜಿನ್‌ನಲ್ಲಿ ಅದು 1,600 ಬಾರ್ ದಾಟುತ್ತದೆ. ಗಾಡಿ ನಿಲ್ಲಿಸಿದಾಗ ನಾಜಲ್ ತುದಿಯಲ್ಲಿ ಉಳಿದ ಹನಿ ಎಂಜಿನ್ ಕಾವಿಗೆ ಒಣಗಿ ಅಂಟಾಗುತ್ತದೆ. ದಿನವೂ ಮನೆಯಿಂದ ಪೇಟೆಗೆ ಎರಡು ಕಿಲೋಮೀಟರ್ ಓಡಿ ನಿಲ್ಲುವ ಕಾರಿನಲ್ಲಿ ಈ ಅಂಟು ಬೇಗ ಕೂರುತ್ತದೆ.

ಕಡಲೆ ಹೊಲಕ್ಕೆ ಔಷಧ ಹೊಡೆಯುವಾಗ ಪಂಪಿನ ನಾಜಲ್‌ಗೆ ಕಸ ಸಿಕ್ಕರೆ ಏನಾಗುತ್ತದೆ ಎಂದು ನಿಮಗೆ ಗೊತ್ತು. ಮಂಜು ಹೋಗಿ ಗೆರೆಯಂತೆ ನೀರು ಬೀಳುತ್ತದೆ, ಒಂದು ಗಿಡಕ್ಕೆ ಹೆಚ್ಚು, ಇನ್ನೊಂದಕ್ಕೆ ಇಲ್ಲ. ಎಂಜಿನ್‌ನಲ್ಲೂ ಹಾಗೆಯೇ. ಸರಿಯಾಗಿ ಸಿಂಪಡಣೆಯಾಗದ ಪೆಟ್ರೋಲ್ ಪೂರ್ತಿ ಸುಡುವುದಿಲ್ಲ. ಬೆಳಿಗ್ಗೆ ಶುರುವಾಗಲು ತಡವಾಗುತ್ತದೆ. ನಿಂತಲ್ಲೇ ಎಂಜಿನ್ ನಡುಗುತ್ತದೆ. ಆಕ್ಸಿಲರೇಟರ್ ಒತ್ತಿದರೆ ಪಿಕಪ್ ಬರುವುದಿಲ್ಲ, ಮಿಸ್ಸಿಂಗ್ ಹೊಡೆಯುತ್ತದೆ.

ಈ ಅಂಟನ್ನು ಕರಗಿಸುವ ಅಡಿಟಿವ್‌ಗೆ ಡಿಟರ್ಜೆಂಟ್ ಅಥವಾ ಇಂಜೆಕ್ಟರ್ ಕ್ಲೀನರ್ ಎನ್ನುತ್ತಾರೆ. ಅವುಗಳಲ್ಲಿ ಹೆಚ್ಚು ಪರಿಣಾಮಕಾರಿ ಪಾಲಿಈಥರ್ ಅಮೈನ್, ಚುಟುಕಾಗಿ ಪಿಇಎ. ಅದರ ಅಣುವಿನ ಒಂದು ತುದಿ ಕೊಳೆಯನ್ನು ಹಿಡಿಯುತ್ತದೆ, ಉಳಿದ ಭಾಗ ಪೆಟ್ರೋಲ್‌ನಲ್ಲಿ ಕರಗಿರುತ್ತದೆ. ಹಿಡಿದ ಕೊಳೆ ಪೆಟ್ರೋಲ್ ಜತೆ ಒಳಗೆ ಹೋಗಿ ಸುಟ್ಟು ಸೈಲೆನ್ಸರ್‌ನಿಂದ ಹೊರಬೀಳುತ್ತದೆ. ಒಳ್ಳೆಯ ಡಿಟರ್ಜೆಂಟ್‌ನಿಂದ ವ್ಯತ್ಯಾಸ ಆಗುತ್ತದೆ ಎನ್ನುವುದಕ್ಕೆ ಪುರಾವೆ ಇದೆ. ಅಮೆರಿಕದ ವಾಹನ ಮಾಲೀಕರ ಸಂಘ ಎಎಎ 2016ರಲ್ಲಿ ಒಂದು ಪರೀಕ್ಷೆ ಮಾಡಿಸಿತು. ಹೆಚ್ಚು ಡಿಟರ್ಜೆಂಟ್ ಇರುವ ಪೆಟ್ರೋಲ್‌ಗೆ ಹೋಲಿಸಿದರೆ ಸಾಧಾರಣ ಪೆಟ್ರೋಲ್ ಬಳಸಿದ ಎಂಜಿನ್‌ನ ವಾಲ್ವ್ ಮೇಲೆ 19 ಪಟ್ಟು ಹೆಚ್ಚು ಕೊಳೆ ಕೂತಿತ್ತು.

ಇಲ್ಲೊಂದು ತೊಡಕಿದೆ, ಅಂಗಡಿಯವರು ಇದನ್ನು ಹೇಳುವುದಿಲ್ಲ. ಈಚಿನ ಹಲವು ಟರ್ಬೊ ಪೆಟ್ರೋಲ್ ಕಾರುಗಳಲ್ಲಿ ಪೆಟ್ರೋಲ್ ನೇರವಾಗಿ ಸಿಲಿಂಡರ್ ಒಳಗೇ ಸಿಂಪಡಣೆಯಾಗುತ್ತದೆ. ಇದಕ್ಕೆ ಡೈರೆಕ್ಟ್ ಇಂಜೆಕ್ಷನ್ ಎನ್ನುತ್ತಾರೆ. ಅಂಥ ಎಂಜಿನ್‌ನಲ್ಲಿ ಗಾಳಿ ಒಳಗೆ ಬರುವ ವಾಲ್ವ್‌ನ ಹಿಂಬದಿಗೆ ಪೆಟ್ರೋಲ್ ತಾಗುವುದೇ ಇಲ್ಲ. ಆದ್ದರಿಂದ ಟಾಕಿಗೆ ಏನೇ ಸುರಿದರೂ ಆ ವಾಲ್ವ್ ಶುಚಿಯಾಗದು. ನಾಜಲ್ ಮಾತ್ರ ಶುಚಿಯಾಗಬಹುದು.

ಆಕ್ಟೇನ್ ಬೂಸ್ಟರ್ ಬೇಕೇ?

ಆಕ್ಟೇನ್ ಎಂದರೆ ಶಕ್ತಿಯ ಅಳತೆ ಎಂದು ಬಹಳ ಜನ ತಿಳಿದಿದ್ದಾರೆ. ಅದು ತಪ್ಪು. ಪ್ಲಗ್ ಕಿಡಿ ಹಾರಿಸುವ ಮೊದಲೇ, ಅಥವಾ ಹೊತ್ತಿಸಿದ ಬೆಂಕಿ ಮುಟ್ಟುವ ಮುನ್ನವೇ, ಪೆಟ್ರೋಲ್ ತಾನಾಗಿ ಸಿಡಿಯದಂತೆ ತಡೆದುಕೊಳ್ಳುವ ಗುಣವೇ ಆಕ್ಟೇನ್. ಅದು ಕಡಿಮೆಯಾದರೆ ಎಂಜಿನ್‌ನಿಂದ ಕಟಕಟ ಸದ್ದು ಬರುತ್ತದೆ. ಬನದ ಹುಣ್ಣಿಮೆಗೆ ಮನೆಮಂದಿಯನ್ನೆಲ್ಲ ತುಂಬಿಕೊಂಡು ಉಗರಗೋಳದ ಕಡೆಯಿಂದ ಯಲ್ಲಮ್ಮನ ಗುಡ್ಡ ಏರುವಾಗ, ಮೇಲಿನ ಗಿಯರಿನಲ್ಲೇ ಒತ್ತಿದರೆ, ಹಳೆಯ ಕಾರುಗಳಲ್ಲಿ ಈ ಸದ್ದು ಕೇಳುತ್ತದೆ. ಈಗಿನ ಕಾರುಗಳಲ್ಲಿ ಸದ್ದನ್ನು ಗುರುತಿಸುವ ನಾಕ್ ಸೆನ್ಸರ್ ಇದ್ದು, ಕಿಡಿಯ ಹೊತ್ತನ್ನು ತಾನೇ ಹಿಂದೆ ಸರಿಸುತ್ತದೆ.

ಈ ತೊಂದರೆಗೆ ಜಗತ್ತು ಹಿಂದೆ ಕಂಡುಕೊಂಡ ಔಷಧ ಸೀಸ. 1921ರಲ್ಲಿ ಅಮೆರಿಕದ ಜನರಲ್ ಮೋಟರ್ಸ್‌ನಲ್ಲಿ ಥಾಮಸ್ ಮಿಜ್ಲಿ ಅದನ್ನು ಕಂಡುಹಿಡಿದರು. ಬಡಿತ ನಿಂತಿತು, ಆದರೆ ಹೊಗೆಯ ಜತೆ ಹೊರಬಂದ ಸೀಸ ಹಲವು ತಲೆಮಾರಿನ ಮಕ್ಕಳ ಮೆದುಳಿಗೆ ಹಾನಿ ಮಾಡಿತು. ನಮ್ಮ ದೇಶದಲ್ಲಿ ಸೀಸದ ಪೆಟ್ರೋಲ್ ಪೂರ್ತಿ ನಿಂತದ್ದು 2000ದಲ್ಲಿ. ಅಡಿಟಿವ್ ಎಂದ ಕೂಡಲೇ ಹಿಗ್ಗಬಾರದು ಎನ್ನುವುದಕ್ಕೆ ನನಗೆ ಈ ಒಂದು ಇತಿಹಾಸ ಸಾಕು.

ಇಂದು ಆಕ್ಟೇನ್ ಏರಿಸುವ ಕೆಲಸವನ್ನು ಎಥೆನಾಲ್ ಮಾಡುತ್ತಿದೆ. ಅದರ ಆಕ್ಟೇನ್ 108ರ ಆಸುಪಾಸು. ಹಾಗಾಗಿ ಇ20 ಪೆಟ್ರೋಲ್‌ನ ಆಕ್ಟೇನ್ 95ರ ಮಟ್ಟಕ್ಕೆ ಬಂದಿದೆ. ನಿಮ್ಮ ಕಾರಿನ ಕೈಪಿಡಿಯಲ್ಲಿ 91 ಸಾಕು ಎಂದಿದ್ದರೆ ಅದರ ಮೇಲೆ ಬೂಸ್ಟರ್ ಸುರಿದು ಸಿಗುವುದು ಏನೂ ಇಲ್ಲ. ಇನ್ನೂ ಒಂದು ಅಪಾಯ ಇದೆ. ಅಗ್ಗದ ಬೂಸ್ಟರ್‌ಗಳಲ್ಲಿ ಫೆರೋಸೀನ್ ಎಂಬ ಕಬ್ಬಿಣದ ಸಂಯುಕ್ತ ಅಥವಾ ಮ್ಯಾಂಗನೀಸ್ ಇರುತ್ತದೆ. ಇವು ಸುಟ್ಟು ಪ್ಲಗ್ ಮೇಲೆ ಕೆಂಪು ಪುಡಿಯಾಗಿ ಕೂರುತ್ತವೆ. ಆಕ್ಸಿಜನ್ ಸೆನ್ಸರ್ ಮತ್ತು ಹೊಗೆ ಶುದ್ಧ ಮಾಡುವ ಕ್ಯಾಟಲಿಟಿಕ್ ಕನ್ವರ್ಟರ್ ಮೇಲೂ ಕೂರುತ್ತವೆ. ಕನ್ವರ್ಟರ್ ಬದಲಿಸುವ ಖರ್ಚು ಸಾವಿರಗಳ ಲೆಕ್ಕ.

ಹಣದ ಲೆಕ್ಕ

ಅಂಗಡಿಯಲ್ಲಿ ಸಣ್ಣ ಬಾಟಲಿಗೆ ಸುಮಾರು 100ರಿಂದ 300 ರೂಪಾಯಿ. ಹೊರದೇಶದ ಹೆಸರಿನ ದೊಡ್ಡ ಬಾಟಲಿ 500ರಿಂದ 1,000 ರೂಪಾಯಿವರೆಗೆ ಹೋಗುತ್ತದೆ. ಇದು ಲಾಭವೋ ನಷ್ಟವೋ ಎನ್ನುವುದು ನೀವು ಎಷ್ಟು ಸಲ ಹಾಕುತ್ತೀರಿ ಎನ್ನುವುದರ ಮೇಲೆ ನಿಂತಿದೆ.

ನಿಮ್ಮ ಕಾರು ಲೀಟರಿಗೆ 15 ಕಿಲೋಮೀಟರ್ ಓಡುತ್ತದೆ ಎಂದುಕೊಳ್ಳಿ. ಪೆಟ್ರೋಲ್ ಲೀಟರಿಗೆ 103 ರೂಪಾಯಿ ಎಂದು ಹಿಡಿಯಿರಿ. 40 ಲೀಟರ್ ಟಾಕಿಗೆ 4,120 ರೂಪಾಯಿ. ಪ್ರತಿ ಟಾಕಿಗೂ 300 ರೂಪಾಯಿಯ ಬಾಟಲಿ ಹಾಕಿದರೆ ಆ ಖರ್ಚು ಹೊರಡಲು ಎವರೇಜ್ ಶೇ 7ಕ್ಕಿಂತ ಹೆಚ್ಚು ಏರಬೇಕು. ಅಂದರೆ 15 ಇದ್ದದ್ದು 16 ದಾಟಬೇಕು, ಅದೂ ಪ್ರತಿ ಸಲ. ಶುಚಿಯಾಗಿರುವ ಎಂಜಿನ್‌ನಲ್ಲಿ ಇದು ಆಗುವ ಮಾತಲ್ಲ. ಎವರೇಜ್ ಹೆಚ್ಚಿಸುತ್ತೇವೆ ಎನ್ನುವ ನೂರಕ್ಕೂ ಹೆಚ್ಚು ಸಾಧನ ಮತ್ತು ಅಡಿಟಿವ್‌ಗಳನ್ನು ಅಮೆರಿಕದ ಪರಿಸರ ಸಂರಕ್ಷಣಾ ಸಂಸ್ಥೆ ಪರಿಶೀಲಿಸಿದೆ. ಬೆರಳೆಣಿಕೆಯವು ಮಾತ್ರ ಏನೋ ಸ್ವಲ್ಪ ಲಾಭ ತೋರಿಸಿದವು.

ಅದೇ ನೀವು 600 ರೂಪಾಯಿಯ ಒಳ್ಳೆಯ ಪಿಇಎ ಬಾಟಲಿಯನ್ನು 10 ಸಾವಿರ ಕಿಲೋಮೀಟರಿಗೆ ಒಮ್ಮೆ ಹಾಕಿದರೆ ಲೆಕ್ಕವೇ ಬೇರೆ. ಅಷ್ಟು ದೂರಕ್ಕೆ ನೀವು ಸುಡುವ ಪೆಟ್ರೋಲ್ ಸುಮಾರು 69 ಸಾವಿರ ರೂಪಾಯಿಯದು. ಬಾಟಲಿಯ ಖರ್ಚು ಅದರ ನೂರರಲ್ಲಿ ಒಂದು ಪಾಲೂ ಅಲ್ಲ. ನಾಜಲ್ ಶುಚಿಯಾಗಿ ಎವರೇಜ್ ಶೇ 1 ಸುಧಾರಿಸಿದರೂ ಹಣ ವಾಪಸ್ ಬಂತು.

ಎಕ್ಸ್‌ಪಿ95, ಸ್ಪೀಡ್, ಪವರ್ ಮುಂತಾದ ದುಬಾರಿ ಪೆಟ್ರೋಲ್‌ಗಳಲ್ಲಿ ಡಿಟರ್ಜೆಂಟ್ ಮೊದಲೇ ಬೆರೆತಿರುತ್ತದೆ. ಲೀಟರಿಗೆ ಸುಮಾರು 7ರಿಂದ 10 ರೂಪಾಯಿ ಹೆಚ್ಚು. ಸದಾ ಅದನ್ನೇ ಹಾಕಿಸುವ ಅಗತ್ಯ ಸಾಮಾನ್ಯ ಕಾರಿಗಿಲ್ಲ. ಮೂರು ನಾಲ್ಕು ತಿಂಗಳಿಗೊಮ್ಮೆ ಒಂದು ಟಾಕಿ ಹಾಕಿಸಿದರೆ ಬಾಟಲಿಯ ಗೋಜಿಲ್ಲದೆ ಸ್ವಲ್ಪ ಶುಚಿ ಕೆಲಸ ಆದೀತು.

ಬಾಟಲಿಗೆ ಮೊದಲು ಗ್ಯಾರೇಜ್

ಪಿಕಪ್ ಕಡಿಮೆಯಾದರೆ ಕಾರಣ ನಾಜಲ್ ಒಂದೇ ಅಲ್ಲ. ಸುಗ್ಗಿಯಲ್ಲಿ ಕಬ್ಬಿನ ಟ್ರ್ಯಾಕ್ಟರ್‌ಗಳ ಹಿಂದೆ ಓಡುವ, ಎರೆಮಣ್ಣಿನ ಧೂಳು ಕುಡಿಯುವ ನಮ್ಮ ಭಾಗದ ಕಾರುಗಳಿಗೆ ಏರ್ ಫಿಲ್ಟರ್ ಬೇಗ ಕಟ್ಟುತ್ತದೆ. ಫಿಲ್ಟರ್ ಕಟ್ಟಿದರೆ ಎವರೇಜ್‌ಗಿಂತ ಪಿಕಪ್ ಹೆಚ್ಚು ಸಾಯುತ್ತದೆ. ಸವೆದ ಪ್ಲಗ್, ಗಾಳಿ ಇಳಿದ ಟಯರ್, ಹಿಡಿದುಕೊಂಡ ಬ್ರೇಕ್, ಧೂಳು ಕೂತ ಥ್ರಾಟಲ್ ಬಾಡಿ, ಇವನ್ನೆಲ್ಲ ನೋಡಿಸಿ. ಡ್ಯಾಶ್‌ಬೋರ್ಡ್‌ನಲ್ಲಿ ಹಳದಿ ಎಂಜಿನ್ ದೀಪ ಉರಿಯುತ್ತಿದ್ದರೆ ಬಾಟಲಿ ಸುರಿಯಬೇಡಿ. ಸ್ಕ್ಯಾನರ್ ಹಚ್ಚಿಸಿ ದೋಷದ ಕೋಡ್ ಓದಿಸಿ. ನಾಜಲ್ ತೀರ ಕಟ್ಟಿದ್ದರೆ ಅದನ್ನು ಬಿಚ್ಚಿ ಅಲ್ಟ್ರಾಸಾನಿಕ್ ಯಂತ್ರದಲ್ಲಿ, ಅಂದರೆ ಶಬ್ದತರಂಗದ ಕಂಪನದಿಂದ ತೊಳೆಯುವ ಯಂತ್ರದಲ್ಲಿ, ಶುಚಿ ಮಾಡಿಸಬೇಕಾಗುತ್ತದೆ. ನಿಮ್ಮ ಊರಲ್ಲಿ ಆ ಯಂತ್ರ ಇಲ್ಲದಿದ್ದರೆ ಬೆಳಗಾವಿ, ಧಾರವಾಡ ಅಥವಾ ಹುಬ್ಬಳ್ಳಿಯಲ್ಲಿ ವಿಚಾರಿಸಿ.

ಹಾಕುವ ಕ್ರಮ

ಟಾಕಿ ಕಾಲು ಭಾಗಕ್ಕೆ ಇಳಿದಾಗ ಮೊದಲು ಬಾಟಲಿ ಸುರಿಯಿರಿ, ಆಮೇಲೆ ಫುಲ್ ಮಾಡಿಸಿ. ಬೀಳುವ ಪೆಟ್ರೋಲ್‌ನ ರಭಸಕ್ಕೆ ಚೆನ್ನಾಗಿ ಬೆರೆಯುತ್ತದೆ. ಚೀಟಿಯಲ್ಲಿ ಬರೆದ ಪ್ರಮಾಣ ಮೀರಬೇಡಿ. ಹೆಚ್ಚು ಹಾಕಿದರೆ ಹೆಚ್ಚು ಶುಚಿಯಾಗುವುದಿಲ್ಲ, ಸುಡದ ಅಂಶ ಹೊಸ ಕೊಳೆಯಾಗುತ್ತದೆ. ಆ ಟಾಕಿಯನ್ನು ಪೇಟೆಯ ಸಣ್ಣ ಓಡಾಟಕ್ಕೆ ಖರ್ಚು ಮಾಡಬೇಡಿ. ಕಿತ್ತೂರಿನಿಂದ ಧಾರವಾಡಕ್ಕೋ ಬೆಳಗಾವಿಗೋ ಹೆದ್ದಾರಿಯಲ್ಲಿ ಒಂದೇ ವೇಗದಲ್ಲಿ ಹೋಗಿ ಬರುವ ಕೆಲಸ ಇದ್ದಾಗ ಹಾಕಿ. ಎಂಜಿನ್ ಆಯಿಲ್ ಬದಲಿಸುವ ಸ್ವಲ್ಪ ಮೊದಲು ಹಾಕಿದರೆ ಇನ್ನೂ ಒಳ್ಳೆಯದು, ಏಕೆಂದರೆ ಸ್ವಲ್ಪ ಅಡಿಟಿವ್ ಪಿಸ್ಟನ್ ದಾಟಿ ಆಯಿಲ್‌ಗೆ ಇಳಿದಿರುತ್ತದೆ. ರಾಮದುರ್ಗದ ಬೇಸಿಗೆಯಲ್ಲಿ ಬಾಟಲಿಯನ್ನು ಕಾರಿನೊಳಗೆ ಬಿಡಬೇಡಿ, ಅದು ಬೇಗ ಬೆಂಕಿ ಹತ್ತುವ ದ್ರವ. ಕಾರು ವಾರಂಟಿಯಲ್ಲಿದ್ದರೆ ಕೈಪಿಡಿಯಲ್ಲಿ ಅಡಿಟಿವ್ ಬಗ್ಗೆ ಏನಿದೆ ಎಂದು ಓದಿಯೇ ಮುಂದುವರಿಯಿರಿ.

ಫಲ ಸಿಕ್ಕಿತೋ ಇಲ್ಲವೋ ಎಂದು ನೀವೇ ಅಳೆಯಬಹುದು. ಫುಲ್ ಟಾಕಿ ಮಾಡಿಸಿ ಮೀಟರ್ ಬರೆದಿಟ್ಟುಕೊಳ್ಳಿ. ಮುಂದಿನ ಸಲ ಅದೇ ಪಂಪಿನಲ್ಲಿ ಮತ್ತೆ ಫುಲ್ ಮಾಡಿಸಿ, ಓಡಿದ ಕಿಲೋಮೀಟರನ್ನು ಹಾಕಿಸಿದ ಲೀಟರಿನಿಂದ ಭಾಗಿಸಿ. ಬಾಟಲಿ ಇಲ್ಲದ ಎರಡು ಟಾಕಿ, ಬಾಟಲಿ ಹಾಕಿದ ಮೇಲಿನ ಎರಡು ಟಾಕಿ ಹೋಲಿಸಿ. ರಸ್ತೆ, ಎಸಿ, ಭಾರ ಆದಷ್ಟು ಒಂದೇ ಇರಲಿ.

ಸಿಎನ್‌ಜಿ ಕಾರಿನವರಿಗೆ ಒಂದು ಮಾತು. ನಿಮ್ಮ ಟಾಕಿಯ ಪೆಟ್ರೋಲ್ ತಿಂಗಳುಗಟ್ಟಲೆ ಹಾಗೇ ಉಳಿಯುತ್ತದೆ. ಎಥೆನಾಲ್ ಗಾಳಿಯ ತೇವ ಹೀರುತ್ತದೆ. ನೀರು ಹೆಚ್ಚಾದರೆ ಎಥೆನಾಲ್ ಅದರ ಜತೆ ಸೇರಿ ತಳಕ್ಕೆ ಇಳಿಯುತ್ತದೆ. ಕಿತ್ತೂರು ಕಡೆಯ ಮಳೆಗಾಲದಲ್ಲಿ ಇದರ ಭಯ ಹೆಚ್ಚು. ವಾರಕ್ಕೊಮ್ಮೆ ಸ್ವಲ್ಪ ದೂರ ಪೆಟ್ರೋಲ್‌ನಲ್ಲೇ ಓಡಿಸಿ, ಟಾಕಿಯ ಮುಚ್ಚಳ ಬಿಗಿಯಾಗಿರಲಿ.

ಡೀಸೆಲ್ ಗಾಡಿ ಇದ್ದವರಿಗೆ

ಡೀಸೆಲ್‌ಗೆ ಬೇರೆ ಬಾಟಲಿ ಬೇಕು, ಪೆಟ್ರೋಲ್‌ನದು ನಡೆಯುವುದಿಲ್ಲ. ಅದರಲ್ಲಿ ಡಿಟರ್ಜೆಂಟ್ ಜತೆಗೆ ಸೀಟೇನ್ ಏರಿಸುವ ಅಂಶ ಇರುತ್ತದೆ. ಸೀಟೇನ್ ಎಂದರೆ ಡೀಸೆಲ್ ಎಷ್ಟು ಬೇಗ ತಾನಾಗಿ ಹೊತ್ತಿಕೊಳ್ಳುತ್ತದೆ ಎನ್ನುವ ಅಳತೆ. ಬಿಎಸ್-6 ಡೀಸೆಲ್‌ನಲ್ಲಿ ಅದು ಕನಿಷ್ಠ 51 ಇರಲೇಬೇಕು, ಹಾಗಾಗಿ ಮತ್ತೆ ಏರಿಸುವ ಅಗತ್ಯ ಕಡಿಮೆ. 2020ರ ಏಪ್ರಿಲ್‌ನಿಂದ ಗಂಧಕವನ್ನು 50ರಿಂದ 10 ಪಿಪಿಎಂಗೆ, ಅಂದರೆ ಹತ್ತು ಲಕ್ಷದಲ್ಲಿ ಹತ್ತು ಭಾಗಕ್ಕೆ ಇಳಿಸಿದ್ದಾರೆ. ಗಂಧಕ ತೆಗೆಯುವಾಗ ಡೀಸೆಲ್‌ನ ಜಿಡ್ಡಿನ ಗುಣವೂ ಹೋಗುತ್ತದೆ. ಅದಕ್ಕೆ ಬೇಕಾದ ಅಡಿಟಿವ್ ಅನ್ನು ರಿಫೈನರಿಯಲ್ಲೇ ಸೇರಿಸಿರುತ್ತಾರೆ. ಸೀಮೆಎಣ್ಣೆ ಬೆರೆಸಿದರೆ ಆ ಜಿಡ್ಡು ಮತ್ತೆ ತೆಳ್ಳಗಾಗಿ ದುಬಾರಿ ಪಂಪ್ ಸವೆಯುತ್ತದೆ.

ಬ್ಯಾರಲ್‌ನಲ್ಲಿ ಡೀಸೆಲ್ ತುಂಬಿಟ್ಟುಕೊಳ್ಳುವ ರೈತರಿಗೆ ನೀರೇ ದೊಡ್ಡ ಶತ್ರು. ಫಿಲ್ಟರ್ ತಳದ ಸ್ಕ್ರೂ ಬಿಚ್ಚಿ ನೀರು ಬಸಿಯುವುದು ಯಾವ ಬಾಟಲಿಗಿಂತಲೂ ಮೇಲು. ಇನ್ನೊಂದು ಎಚ್ಚರಿಕೆ: ನೀಲಿ ಮುಚ್ಚಳದ ಡಿಇಎಫ್, ಜನ ಆಡ್‌ಬ್ಲೂ ಎನ್ನುವುದು, ಇಂಧನದ ಅಡಿಟಿವ್ ಅಲ್ಲ. ಅದು ಶೇ 32.5 ಯೂರಿಯಾ ಇರುವ ನೀರು. ಅದಕ್ಕೆ ಬೇರೆಯೇ ಟಾಕಿ ಇದೆ. ಮರೆತು ಡೀಸೆಲ್ ಟಾಕಿಗೆ ಹಾಕಿದರೆ ಚಾವಿ ತಿರುಗಿಸಲೇಬೇಡಿ. ಗಾಡಿ ದೂಡಿ ಬದಿಗೆ ನಿಲ್ಲಿಸಿ, ಟಾಕಿ ಬಸಿಯಲು ಮಿಸ್ತ್ರಿಯನ್ನು ಕರೆಯಿಸಿ.

ಎಲ್ಲಿ ಕೊಳ್ಳಬೇಕು, ಏನು ನೋಡಬೇಕು

ಬಿಡಿಭಾಗಗಳ ಅಂಗಡಿ, ಕಂಪನಿಯ ಸರ್ವಿಸ್ ಸೆಂಟರ್, ದೊಡ್ಡ ಪಂಪುಗಳು, ಆನ್‌ಲೈನ್, ಎಲ್ಲ ಕಡೆ ಸಿಗುತ್ತದೆ. ಬಾಟಲಿಯ ಮೇಲೆ ಒಳಗಿರುವ ಅಂಶ, ಎಷ್ಟು ಲೀಟರಿಗೆ ಎಂಬ ಪ್ರಮಾಣ, ತಯಾರಿಸಿದ ದಿನಾಂಕ, ತಯಾರಕರ ವಿಳಾಸ ಇರಬೇಕು. ಪಿಇಎ ಅಥವಾ ಪಾಲಿಈಥರ್ ಅಮೈನ್ ಎಂದು ಬರೆದಿದ್ದರೆ ಒಳ್ಳೆಯದು. ಮುಚ್ಚಳದ ಸೀಲ್ ಒಡೆದಿದ್ದರೆ ಬೇಡ. ಬಿಲ್ ಪಡೆದುಕೊಳ್ಳಿ. ಪಂಪಿನಲ್ಲಿ ನೀವು ಹೂಂ ಎನ್ನದೆ ಬಾಟಲಿ ಸುರಿದರೆ ಹಣ ಕೊಡಬೇಕಾಗಿಲ್ಲ.

ನಿಮ್ಮ ಅನುಮಾನ ಪೆಟ್ರೋಲ್ ಮೇಲೆಯೇ ಇದ್ದರೆ ಅದನ್ನು ಪಂಪಿನಲ್ಲೇ ಪರೀಕ್ಷಿಸುವ ಹಕ್ಕು ನಿಮಗಿದೆ. ಫಿಲ್ಟರ್ ಪೇಪರ್ ಕೇಳಿ. ನಾಜಲ್ ತುದಿ ಒರೆಸಿ ಒಂದು ಹನಿ ಬಿಡಿಸಿ. ಎರಡು ನಿಮಿಷದಲ್ಲಿ ಕಲೆ ಉಳಿಯದೆ ಆರಬೇಕು. ಡೆನ್ಸಿಟಿ, ಅಂದರೆ ಸಾಂದ್ರತೆ ಅಳೆದು ತೋರಿಸಲು ಹೇಳಿ. ಅದು ಅಂದಿನ ದಾಖಲೆಯ ಅಂಕಿಗಿಂತ 3ಕ್ಕೂ ಹೆಚ್ಚು ಆಚೀಚೆ ಇರಬಾರದು. ಅಳತೆಯ ಮೇಲೆ ಅನುಮಾನ ಇದ್ದರೆ ಕಾನೂನು ಮಾಪನ ಇಲಾಖೆಯ ಮುದ್ರೆ ಇರುವ 5 ಲೀಟರಿನ ಮಾಪು ಪ್ರತಿ ಪಂಪಿನಲ್ಲೂ ಇರುತ್ತದೆ, ಅದರಲ್ಲಿ ತುಂಬಿಸಿ ನೋಡಿ. ಒಪ್ಪದಿದ್ದರೆ ದೂರು ಪುಸ್ತಕ ಕೇಳಿ ಬರೆಯಿರಿ. ತೈಲ ಕಂಪನಿಯ ಅಧಿಕಾರಿಯ ಫೋನ್ ಸಂಖ್ಯೆ ಪಂಪಿನ ಫಲಕದ ಮೇಲೆಯೇ ಇರುತ್ತದೆ. ದಿನಾಂಕ, ಹೊತ್ತು, ಬಿಲ್ ನಂಬರ್ ಸೇರಿಸಿ ಅವರಿಗೂ ತಿಳಿಸಿ.